ಕಟ್ ಹೇಳಿದರೂ ನಿಲ್ಲದ ಸೀತಕ್ಕ

ಸೀತಕ್ಕ ಸಿನಿಮಾಕ್ಕೆ ಹೋದದ್ದು ಅಡುಗೆ ಮಾಡಲಿಕ್ಕೆ. ಈ ಮಾತನ್ನು ಅವಳು ಈಗಲೂ ಎಲ್ಲಕ್ಕಿಂತ ಮೊದಲು ಹೇಳುತ್ತಾಳೆ. ಇಲ್ಲದಿದ್ದರೆ, ಐವತ್ತೆರಡನೇ ವಯಸ್ಸಿನಲ್ಲಿ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವ ಆಸೆ ಹುಟ್ಟಿತು ಎಂದು ಬೇಗಾರಿನ ಜನ ಆಡಿಕೊಂಡಾರು ಎಂಬ ಅಳುಕು ಅವಳಿಗೆ.

ಬೇಗಾರಿನ ಸುತ್ತಮುತ್ತ ಸೀತಕ್ಕನನ್ನು ತಿಳಿಯದವರಿಲ್ಲ. ಕಾಫಿ ಕೊಯ್ಲಿಗೆ ಹೋಗುತ್ತಾಳೆ, ಅಡಿಕೆ ಸುಲಿಯುತ್ತಾಳೆ, ಮದುವೆ ಮನೆಗಳಲ್ಲಿ ಇನ್ನೂರು ಜನರಿಗೆ ಸಾರು ಕುದಿಸುತ್ತಾಳೆ. ಆದರೆ ಇವೆಲ್ಲಕ್ಕಿಂತ ಹೆಚ್ಚು ಹೆಸರು ತಂದುಕೊಟ್ಟದ್ದು ಅವಳ ಗಂಟಲು. ಈ ಗುಡ್ಡದಲ್ಲಿ ನಿಂತು ಅವಳು ಕೂಗಿದರೆ ಆಚೆ ಗುಡ್ಡದಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದವರು ನೆಟ್ಟಗಾಗುತ್ತಿದ್ದರು. ಒಂದು ವರ್ಷ ತೋಟದ ಊಟದ ಗಂಟೆ ಒಡೆದುಹೋದಾಗ ಹಾಜರಿ ಬರೆಯುವ ರೈಟರು ಹೊಸ ಗಂಟೆ ತರಿಸಲೇ ಇಲ್ಲ. ಹನ್ನೆರಡೂವರೆಗೆ ಸೀತಕ್ಕನ ಕಡೆ ನೋಡಿ ಕಣ್ಸನ್ನೆ ಮಾಡಿದರೆ ಸಾಕಾಗುತ್ತಿತ್ತು.

ಅವಳಿಗೆ ಮದುವೆ ಆಗಿತ್ತು. ಎರಡು ವರ್ಷ ಬಾಳಿದ ಮೇಲೆ ಗಂಡ ಘಟ್ಟದ ಕೆಳಗೆ ಹೋಟೆಲ್ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿಕೊಂಡ. ಸೀತಕ್ಕ ಬಸ್ಸು ಹತ್ತಿ ಹುಡುಕಿಕೊಂಡು ಹೋದಳು. ಆ ಮನೆಯನ್ನು ನೋಡಿದಳು, ಆ ಹೆಂಗಸು ಹೆದರುತ್ತಾ ಬಡಿಸಿದ ಊಟ ಮಾಡಿದಳು, "ಸಾರಿಗೆ ಉಪ್ಪು ಕಮ್ಮಿ ಆಗಿದೆ, ಅವನಿಗೆ ಉಪ್ಪು ಜಾಸ್ತಿ ಬೇಕು" ಎಂದು ಹೇಳಿ ಸಂಜೆ ಬಸ್ಸಿಗೆ ವಾಪಸ್ ಬಂದಳು. ತವರಿನಲ್ಲಿ ಅಪ್ಪ ಇರಲಿಲ್ಲ, ಅದೇ ವರ್ಷ ಅವ್ವನೂ ತೀರಿಕೊಂಡಳು. ಉಳಿದದ್ದು ಹತ್ತು ವರ್ಷದ ತಮ್ಮ ಸುಬ್ಬಪ್ಪ. ಅವನಿಗೆ ತಲೆ ಬಾಚಿ, ಶಾಲೆಗೆ ಕಳಿಸಿ, ಬೈದು, ಬೆಳೆಸಿದವಳು ಸೀತಕ್ಕನೇ. ಸುಬ್ಬಪ್ಪ ಈಗ ನಲವತ್ತೆರಡರ ಗಂಡಸು, ಸ್ವಂತ ಪಿಕಪ್ ಇಟ್ಟುಕೊಂಡು ಬಾಡಿಗೆ ಹೊಡೆಯುತ್ತಾನೆ. ಹೆಂಡತಿ ಭಾಗ್ಯ. ಅಕ್ಕನ ಮನೆಗೂ ತಮ್ಮನ ಮನೆಗೂ ನಡುವೆ ಒಂದೇ ಗೋಡೆ.

ಸಿನಿಮಾ ಮಾಡಲು ಬಂದವಳು ದೀಕ್ಷಾ. ಬಾಳೆಹೊನ್ನೂರಿನಲ್ಲಿ ಕಾಫಿ ವ್ಯಾಪಾರ ಮಾಡುವ ಷಡಕ್ಷರಿಯವರ ಮಗಳು, ಇಪ್ಪತ್ತೇಳು ವರ್ಷ, ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲ್. ಷಡಕ್ಷರಿಯವರು ಸಿನಿಮಾಕ್ಕೆ ದುಡ್ಡು ಕೊಡುವುದಿಲ್ಲ ಎಂದು ಮೊದಲೇ ಹೇಳಿದ್ದರು. ಬದಲಿಗೆ ಒಂದು ಖಾಲಿ ಗೋಡೌನು ಕೊಟ್ಟರು, ಹಳೇ ಜೀಪು ಕೊಟ್ಟರು, ಮತ್ತು ದಿನಕ್ಕೆ ಮೂರು ಸಲ ಫೋನ್ ಮಾಡಿ "ಮುಗೀತನಾ?" ಎಂದು ಕೇಳುವ ಹೊಣೆಯನ್ನು ತಾವೇ ವಹಿಸಿಕೊಂಡರು. ದೀಕ್ಷಾಳ ತಂಡದಲ್ಲಿ ಒಟ್ಟು ಹನ್ನೊಂದು ಜನ. ಕ್ಯಾಮೆರಾ ಹಿಡಿಯುವವನು ಈಶಾನ, ಆ ಕ್ಯಾಮೆರಾವೂ ಬಾಡಿಗೆಯದು. ಕ್ಲ್ಯಾಪ್ ಬೋರ್ಡಿನಲ್ಲಿ ಸಿನಿಮಾದ ಹೆಸರು ಬರೆಯುವ ಜಾಗದಲ್ಲಿ "ಹೆಸರು ಆಮೇಲೆ" ಎಂದು ಬರೆದಿತ್ತು. ಊರಿನವರು ಅದೇ ಹೆಸರು ಎಂದುಕೊಂಡು, ಪರವಾಗಿಲ್ಲ, ಹೊಸ ನಮೂನೆಯಾಗಿದೆ ಎಂದರು.

ಕಥೆ ಇಷ್ಟು. ಒಬ್ಬ ಹುಡುಗ ಊರಿನ ಅನ್ಯಾಯ ನೋಡಿ ರೋಸಿಹೋಗಿ, ಕಾಡಿನಲ್ಲಿ ಬಂದೂಕು ಹಿಡಿದವರ ಜೊತೆ ಸೇರುತ್ತಾನೆ. ಮನೆಯಲ್ಲಿ ತಾಯಿ ಒಬ್ಬಳೇ. ಪೊಲೀಸರು ಬಂದು ಮಗ ಎಲ್ಲಿ ಎಂದು ಕೇಳುತ್ತಾರೆ. ತಾಯಿ ಏನು ಮಾಡುತ್ತಾಳೆ? ಇದಕ್ಕಾಗಿ ದೀಕ್ಷಾ ಎರಡು ವರ್ಷ ಓದಿದ್ದಳು, ಕಂಡಕಂಡವರನ್ನು ಮಾತಾಡಿಸಿದ್ದಳು. ಹುಡುಗನ ಪಾತ್ರಕ್ಕೆ ಕೊಪ್ಪದ ನಾಟಕ ತಂಡದ ಸಿದ್ದಾರ್ಥ ಸಿಕ್ಕಿದ್ದ. ತಾಯಿಯ ಪಾತ್ರಕ್ಕೆ ಒಪ್ಪಿದ್ದ ಮೈಸೂರಿನ ನಟಿಗೆ ಶೂಟಿಂಗಿನ ಹಿಂದಿನ ದಿನ ಧಾರಾವಾಹಿಯೊಂದರಲ್ಲಿ ಅತ್ತೆಯ ಪಾತ್ರ ಸಿಕ್ಕಿಬಿಟ್ಟಿತು. ಆಕೆ ಬರಲಿಲ್ಲ.

ಮಾರ್ಚ್ ತಿಂಗಳು. ಬೇಗಾರಿನ ಹತ್ತಿರ ಖಾಲಿ ಬಿದ್ದಿದ್ದ ತೋಟದ ಕೂಲಿ ಲೈನಿನ ಒಂದು ಮನೆ ಶೂಟಿಂಗಿಗೆ ಗೊತ್ತಾಗಿತ್ತು. ಅಂಗಳದ ಮೂಲೆಯಲ್ಲಿ ಮೂರು ಕಲ್ಲಿಟ್ಟು ಸೀತಕ್ಕ ಅನ್ನಕ್ಕೆ ಎಸರಿಟ್ಟಿದ್ದಳು. ಒಳಗೆ, ಕಾಡಿನಿಂದ ಹಸಿದು ಬಂದ ಮಗ ಊಟ ಮಾಡುವ ದೃಶ್ಯದ ತಾಲೀಮು. ತಾಯಿಯ ಜಾಗದಲ್ಲಿ ದೀಕ್ಷಾಳೇ ನಿಂತಿದ್ದಳು. ಸಿದ್ದಾರ್ಥ ಬಾಗಿಲಲ್ಲಿ ಬಂದವನೇ ತಟ್ಟೆಯ ಮೇಲೆ ಬಿದ್ದು ಗಬಗಬ ತಿಂದ. ನಡುವೆ ತಲೆಯೆತ್ತಿ ಬಡವರ ಹಸಿವಿನ ಬಗ್ಗೆ ನಾಲ್ಕು ಪುಟದಷ್ಟು ಮಾತಾಡಿದ. ಸೀತಕ್ಕ ಸೌಟು ಹಿಡಿದು ಬಾಗಿಲಲ್ಲಿ ನಿಂತು ನೋಡಿದಳು. ತಡೆದುಕೊಳ್ಳುವಷ್ಟು ತಡೆದುಕೊಂಡಳು.

"ಎಂತ ಮಾರಾಯ, ಹಸಿದವ ಹಾಗೆ ಉಣ್ಣೂದಾ?"

ಎಲ್ಲರೂ ತಿರುಗಿದರು.

"ಮೂರು ದಿನ ಅನ್ನ ಕಾಣದವ ಮೊದಲು ನೀರು ಕೇಳ್ತಾನೆ. ಆಮೇಲೆ ಅನ್ನದ ಮುಂದೆ ಸುಮ್ನೆ ಕೂತ್ಕೊಳ್ತಾನೆ. ಕೈ ಹಾಕಲಿಕ್ಕೇ ಹೆದರ್ತಾನೆ. ಒಂದು ತುತ್ತು ಒಳಗೆ ಹೋದ್ಮೇಲೆ ಅವನಿಗೆ ಅಳು ಬರ್ತದೆ, ಅದನ್ನ ಮುಚ್ಚಿಡಲಿಕ್ಕೆ ಸಾರು ಖಾರ ಅಂತ ಬೈತಾನೆ. ಭಾಷಣ ಎಲ್ಲ ಹೊಟ್ಟೆ ತುಂಬಿದ್ಮೇಲೆ."

ದೀಕ್ಷಾ ಪೆನ್ಸಿಲ್ ಕೈಗೆ ತೆಗೆದುಕೊಂಡಳು. "ನಿಮಗೆ ಹೇಗೆ ಗೊತ್ತು ಸೀತಕ್ಕ?"

"ನೋಡಿದೀನಿ."

ಅಷ್ಟು ಹೇಳಿ ಸೀತಕ್ಕ ಒಲೆಯ ಕಡೆ ಹೋದಳು. ಅರ್ಧ ಗಂಟೆ ಬಿಟ್ಟು ದೀಕ್ಷಾ ಅಲ್ಲಿಗೇ ಬಂದು ಕುಕ್ಕರುಗಾಲಲ್ಲಿ ಕೂತು, ತಾಯಿಯ ಪಾತ್ರ ನೀವೇ ಮಾಡಿ ಎಂದಳು. ಸೀತಕ್ಕ ಸೌಟಿನಿಂದ ಹೊಡೆಯುವವಳ ಹಾಗೆ ನೋಡಿದಳು. ತಾನು ಹೆತ್ತವಳಲ್ಲ, ತಾಯಿಯ ಹಾಗೆ ಮಾಡಲಿಕ್ಕೆ ತನಗೆ ಬರುವುದಿಲ್ಲ, ಬೇಕಾದರೆ ಅಕ್ಕ ಆಗುತ್ತೇನೆ, ಅದರಲ್ಲಿ ಮೂವತ್ತೆರಡು ವರ್ಷದ ಸರ್ವಿಸ್ ಇದೆ ಎಂದಳು. ದೀಕ್ಷಾ ಅಲ್ಲೇ ಕೂತು, ಸ್ಕ್ರಿಪ್ಟಿನಲ್ಲಿ "ತಾಯಿ" ಎಂದಿದ್ದ ಕಡೆಯಲ್ಲೆಲ್ಲ ಹೊಡೆದುಹಾಕಿ "ಅಕ್ಕ" ಎಂದು ಬರೆದಳು. ಅಡುಗೆ ಕೆಲಸವನ್ನು ಸೀತಕ್ಕ ಬಿಟ್ಟುಕೊಡಲಿಲ್ಲ. ಶಾಟ್ ಇಲ್ಲದ ಹೊತ್ತಿಗೆ ಒಗ್ಗರಣೆ, ಒಗ್ಗರಣೆ ಇಲ್ಲದ ಹೊತ್ತಿಗೆ ಶಾಟ್.

ಸುಬ್ಬಪ್ಪ ಹಿಂದೊಮ್ಮೆ ಹತ್ತೊಂಬತ್ತು ದಿನ ಕಾಡಿಗೆ ಹೋಗಿದ್ದ ಎಂಬುದು ಊರಿಗೆ ಗೊತ್ತಿದ್ದ ಸಂಗತಿ. ಇಪ್ಪತ್ತು ವರ್ಷದ ಹಿಂದಿನ ಮಾತು. ಆಗ ಕಾಡಂಚಿನ ಮನೆಗಳನ್ನೆಲ್ಲ ಎಬ್ಬಿಸುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಯಾರೋ ಚೀಲ ಹಾಕಿಕೊಂಡ ಹುಡುಗರು ಬಂದು ಸಭೆ ಮಾಡುತ್ತಿದ್ದರು, ಪುಸ್ತಕ ಕೊಡುತ್ತಿದ್ದರು. ಇಪ್ಪತ್ತೆರಡರ ಸುಬ್ಬಪ್ಪ ಅವನ್ನು ಓದಿ ಓದಿ, ಒಂದು ದಿನ ಉಣ್ಣುತ್ತಾ ಕೂತವನು ಗಂಭೀರವಾಗಿ "ಅಕ್ಕ, ನೀನು ಶೋಷಿತೆ" ಎಂದಿದ್ದ. "ನಾನು ಸೀತೆ ಕಣೋ" ಎಂದು ಇವಳು ಇನ್ನೊಂದು ಸೌಟು ಅನ್ನ ಹಾಕಿದ್ದಳು. ಅದಾಗಿ ವಾರಕ್ಕೆ ಅವನು ಮನೆ ಬಿಟ್ಟ. ಹೋದವನು ಹೇಗೆ ವಾಪಸ್ ಬಂದ ಎಂಬುದು ಮಾತ್ರ ಊರಿಗೆ ಸರಿಯಾಗಿ ಗೊತ್ತಿರಲಿಲ್ಲ. ಸುಬ್ಬಪ್ಪ ಹೇಳುತ್ತಿದ್ದದ್ದು ಒಂದೇ: "ಅಕ್ಕ ನನ್ನ ಮದುವೆಗೆ ಮಾತು ಕೊಟ್ಟುಬಿಟ್ಟಿದ್ಳು. ಅವಳ ಮಾತು ಉಳಿಸಲಿಕ್ಕೆ ಬಂದೆ. ಇಲ್ಲದಿದ್ರೆ ನಾನು ಬರುವ ಗಿರಾಕಿ ಅಲ್ಲ." ಅಕ್ಕನ ಜೊತೆ ಜಗಳ ಬಂದಾಗಲೆಲ್ಲ ಇದೇ ಮಾತು ಹೊರಗೆ ಬರುತ್ತಿತ್ತು. ಸೀತಕ್ಕ ಎಲ್ಲದಕ್ಕೂ ಎದುರುತ್ತರ ಕೊಡುವವಳು, ಇದಕ್ಕೆ ಮಾತ್ರ ಕೊಡುತ್ತಿರಲಿಲ್ಲ.

ಶೂಟಿಂಗಿಗೆ ಸಾಮಾನು ಸಾಗಿಸುತ್ತಿದ್ದುದು ಅದೇ ಸುಬ್ಬಪ್ಪನ ಪಿಕಪ್. ಸುಮ್ಮನೆ ಕೂರುವುದು ಅವನಿಗೂ ಆಗದು, ದೀಪಗಳು ಕಮ್ಮಿ ಇದ್ದದ್ದರಿಂದ ಬಿಸಿಲನ್ನು ಮುಖದ ಮೇಲೆ ತಿರುಗಿಸುವ ಬಿಳಿ ಥರ್ಮಾಕೋಲ್ ಹಾಳೆ ಹಿಡಿಯುವ ಕೆಲಸ ಅವನ ಪಾಲಿಗೆ ಬಂತು. ಎರಡೇ ದಿನಕ್ಕೆ ಅವನು ಈಶಾನನಿಗೇ ಬೆಳಕಿನ ಪಾಠ ಹೇಳತೊಡಗಿದ.

ಐದನೇ ದಿನ ನಿಜವಾದ ಪೊಲೀಸರು ಬಂದರು. ಸಿದ್ದಾರ್ಥ ಮತ್ತು ಇನ್ನಿಬ್ಬರು ಹುಡುಗರು ಹಸಿರು ಅಂಗಿ ತೊಟ್ಟು, ಮರದ ಬಂದೂಕುಗಳನ್ನು ಹೆಗಲಿಗೆ ಹಾಕಿಕೊಂಡೇ ನೆಮ್ಮಾರಿನ ಕಡೆಯ ಒಂದು ಅಂಗಡಿಗೆ ಬಾಳೆಹಣ್ಣು ತರಲು ಹೋಗಿದ್ದರು. ಅಂಗಡಿಯವನು ಹಣ್ಣೂ ಕೊಟ್ಟ, ಚಿಲ್ಲರೆಯೂ ಕೊಟ್ಟ, ಅವರು ಬೆನ್ನು ತಿರುಗಿಸಿದ ಕೂಡಲೇ ಫೋನೂ ಮಾಡಿದ. ಜೀಪು ಅಂಗಳಕ್ಕೆ ಬಂದು ನಿಂತಾಗ ಅಲ್ಲಿ ಖಾಕಿ ಹಾಕಿಕೊಂಡು ಇನ್ನೊಬ್ಬ ಪೊಲೀಸ್ ಅಧಿಕಾರಿ ಉಪ್ಪಿಟ್ಟು ತಿನ್ನುತ್ತಿದ್ದರು. ಅವರು ಎನ್.ಆರ್.ಪುರದ ನಿವೃತ್ತ ಮೇಷ್ಟ್ರು ಜಯದೇವಪ್ಪ, ಸಿನಿಮಾದ ಸಬ್ ಇನ್ಸ್‌ಪೆಕ್ಟರ್. ಬಂದ ತಂಡದಲ್ಲಿದ್ದ ಕಾನ್‌ಸ್ಟೇಬಲ್ ಅವರನ್ನು ನೋಡಿದವನೇ ಅಟೆನ್ಷನ್ನಿನಲ್ಲಿ ನಿಂತ.

"ಮೇಷ್ಟ್ರೇ, ನೀವಾ!"

"ಏನಪ್ಪ ರಘುಪತಿ, ಮಗ್ಗಿ ಬರುತ್ತೇನೋ ಈಗ?" ಎಂದರು ಮೇಷ್ಟ್ರು.

ದೀಕ್ಷಾ ಅನುಮತಿ ಪತ್ರ ತೋರಿಸಿದಳು. ಹುಡುಗರು ಬಂದೂಕು ಹಾಕಿಕೊಂಡು ಅಂಗಡಿಗೆ ಹೋಗುವುದಿಲ್ಲ ಎಂದು ಬರೆದುಕೊಟ್ಟಳು. ಅಷ್ಟರಲ್ಲಿ ಸೀತಕ್ಕ ಬಂದವರಿಗೆಲ್ಲ ಉಪ್ಪಿಟ್ಟು ಹಾಕಿಯಾಗಿತ್ತು. ಹೊರಡುವ ಮೊದಲು ನಿಜವಾದ ಸಾಹೇಬರು ಮೇಷ್ಟ್ರ ಭುಜ ನೋಡಿ, "ಸಬ್ ಇನ್ಸ್‌ಪೆಕ್ಟರಿಗೆ ಎರಡೇ ನಕ್ಷತ್ರ. ನೀವು ಮೂರು ಹಾಕ್ಕೊಂಡಿದೀರಿ" ಎಂದು ತಾವೇ ಒಂದನ್ನು ಬಿಚ್ಚಿಕೊಟ್ಟರು. ಮೇಷ್ಟ್ರಿಗೆ ಡಿಮೋಷನ್ ಆದ ಬೇಜಾರು ಸಂಜೆಯವರೆಗೂ ಹೋಗಲಿಲ್ಲ.

ಮಾರನೇ ದಿನವೇ ವಿಚಾರಣೆಯ ದೃಶ್ಯ ಇತ್ತು. ಸ್ಕ್ರಿಪ್ಟಿನ ಪ್ರಕಾರ ಸಬ್ ಇನ್ಸ್‌ಪೆಕ್ಟರು ಅಂಗಳದ ಕುರ್ಚಿಯಲ್ಲಿ ಕೂತು "ನಿನ್ನ ತಮ್ಮ ಎಲ್ಲಿ?" ಎಂದು ಕೇಳಬೇಕು. ಅಕ್ಕ ಏನೂ ಹೇಳಬಾರದು. ತಲೆ ತಗ್ಗಿಸಬೇಕು, ಕಣ್ಣಿಂದ ಒಂದು ಹನಿ ಬೀಳಬೇಕು. ಸೀತಕ್ಕನನ್ನು ಸುಮ್ಮನಿರಿಸುವ ಮೊದಲ ದೃಶ್ಯ ಇದು ಎಂದು ಈಶಾನ ತಮಾಷೆ ಮಾಡಿದ. ಸುಬ್ಬಪ್ಪ ಥರ್ಮಾಕೋಲ್ ಹಾಳೆ ಹಿಡಿದು ಅಕ್ಕನ ಮುಖಕ್ಕೆ ಬೆಳಕು ಕೂರಿಸಿದ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಕೇಳಿದರು: "ನಿನ್ನ ತಮ್ಮ ಎಲ್ಲಿ?"

ಇಪ್ಪತ್ತು ವರ್ಷದ ಹಿಂದೆ, ಇಂಥದೇ ಒಂದು ಅಂಗಳದಲ್ಲಿ, ಇದೇ ಮೂರು ಶಬ್ದಗಳನ್ನು ಬೇರೊಬ್ಬರು ಸೀತಕ್ಕನಿಗೆ ಕೇಳಿದ್ದರು. ಅವಳು ತಲೆ ತಗ್ಗಿಸಿದಳು. ಮತ್ತೆ ಎತ್ತಿದಳು.

"ಹೆಣ್ಣು ನೋಡಲಿಕ್ಕೆ ಹೋಗಿದಾನೆ ಸಾರ್."

ದೀಕ್ಷಾ ಕಣ್ಣರಳಿಸಿದಳು. "ಕಟ್" ಎಂದಳು.

"ಇರಿ ಅಮ್ಮ, ಇನ್ನೂ ಮುಗಿದಿಲ್ಲ" ಎಂದು ಸೀತಕ್ಕ ಕೈ ಅಡ್ಡ ಹಿಡಿದು, ಮೇಷ್ಟ್ರ ಕಡೆಗೇ ತಿರುಗಿದಳು. ಈಶಾನ ಕ್ಯಾಮೆರಾ ನಿಲ್ಲಿಸಲಿಲ್ಲ.

"ಸುಳ್ಳು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಿಮ್ಮ ಹತ್ರ ಸುಳ್ಳು ಹೇಳೂದು ಎಂತ ದೊಡ್ಡದು ಸಾರ್? ನಾನು ಅವನ ಹತ್ರಾನೇ ಹೇಳಿದೀನಿ. ಅವ ಕಾಡಿಗೆ ಹೋದ. ನಾನು ಯಾರನ್ನ ಕೇಳಲಿ? ಕೇಳಿದ್ರೆ ಕೇಳಿದವರಿಗೂ ಕಷ್ಟ. ನೆಮ್ಮಾರಿನ ಮೇಲಿನ ಗುಡ್ಡದ ಬುಡಕ್ಕೆ ಹೋಗಿ ನಿಂತೆ. ನನ್ನ ಹತ್ರ ಬಂದೂಕಿಲ್ಲ, ಪುಸ್ತಕ ಇಲ್ಲ. ದೇವರು ಕೊಟ್ಟ ಗಂಟಲು ಒಂದಿದೆ. ಮೂರು ದಿನ ಕೂಗಿದೆ. ಸುಬ್ಬಾ, ಬಾರೋ, ನಿನಗೆ ಹೆಣ್ಣು ಗೊತ್ತಾಗಿದೆ, ನಾನು ಮಾತು ಕೊಟ್ಟಿದೀನಿ, ಹೆಣ್ಣಿನ ಕಡೆಯವರು ಬಂದು ಕೂತಿದಾರೆ, ಮರ್ಯಾದೆ ಹೋಗ್ತದೆ ಅಂತ. ಯಾವ ಹೆಣ್ಣೂ ಇರ್ಲಿಲ್ಲ ಸಾರ್. ಯಾರೂ ಬಂದು ಕೂತಿರ್ಲಿಲ್ಲ. ಮನೆಗೆ ಬೀಗ ಹಾಕಿತ್ತು."

"ಕಟ್" ಎಂದಳು ದೀಕ್ಷಾ, ಆದರೆ ಈ ಸಲ ತನಗೇ ಕೇಳಿಸದ ಹಾಗೆ.

ಮೇಷ್ಟ್ರು ತಾವು ಪೊಲೀಸ್ ಎಂಬುದನ್ನೇ ಮರೆತು ಮುಂದಕ್ಕೆ ಬಾಗಿ ಕೂತಿದ್ದರು. "ಆಮೇಲೆ?" ಎಂದರು. ಆ "ಆಮೇಲೆ?" ಸಿನಿಮಾದಲ್ಲಿ ಹಾಗೆಯೇ ಉಳಿದಿದೆ.

"ನಾಲ್ಕನೇ ದಿನ ಬೆಳಿಗ್ಗೆ ಇಳಿದು ಬಂದ. ಬಂದವನಿಗೆ ಹೆಣ್ಣು ತೋರಿಸ್ಬೇಕಲ್ಲ? ನಾನು ಒಂದು ವರ್ಷ ಎನ್.ಆರ್.ಪುರದ ಹತ್ರ ನಾಟಿಗೆ ಹೋಗಿದ್ದೆ. ಅಲ್ಲಿ ಒಂದು ಮನೇಲಿ ಭಾಗ್ಯ ಅಂತ ಹುಡುಗಿ, ನೆಟ್ಟಗೆ ಸಾಲು ಹಿಡಿದು ನೆಡ್ತಿದ್ಳು. ಆ ಸಾಲು ನೆನಪಾಯ್ತು. ಓಡಿದೆ. ಬಟ್ಟೆ ಒಗೆಯೂ ಕಲ್ಲಿನ ಹತ್ರ ಅವಳನ್ನ ಒಬ್ಳನ್ನೇ ಕರೆದು ಇದ್ದದ್ದು ಇದ್ದ ಹಾಗೆ ಹೇಳಿದೆ. ನನ್ನ ತಮ್ಮ ಕಾಡಿಗೆ ಹೋಗಿ ಬಂದವ, ಪೊಲೀಸರು ಕೇಳಲಿಕ್ಕೆ ಬರ್ತಾರೆ, ಒಳ್ಳೆಯವ, ಸ್ವಲ್ಪ ಪೆದ್ದ. ಬೇಡ ಅಂದ್ರೆ ಈಗಲೇ ಹೇಳು ಅಂದೆ. ಅವಳು ಎಂತ ಕೇಳಿದ್ಳು ಗೊತ್ತಾ ಸಾರ್? ಓದಲಿಕ್ಕೆ ಬರ್ತದಾ ಅವರಿಗೆ ಅಂದ್ಳು. ಅದೇ ಮಾರಾಯ್ತಿ ತೊಂದ್ರೆ ಆಗಿದ್ದು ಅಂದೆ."

ಯಾರೋ ಹಿಂದೆ ಕಿಸಕ್ಕೆಂದರು. ಆದರೆ ಸೀತಕ್ಕನ ಮುಖದ ಮೇಲಿದ್ದ ಬೆಳಕು ನಡುಗತೊಡಗಿತು. ಎಡಕ್ಕೆ ಸರಿಯಿತು, ಕೆನ್ನೆಯಿಂದ ಕತ್ತಿಗೆ ಇಳಿಯಿತು, ಆಮೇಲೆ ಪೂರ್ತಿ ಹೋಯಿತು. ಸುಬ್ಬಪ್ಪ ಹಾಳೆಯನ್ನು ಗೋಡೆಗೆ ಒರಗಿಸಿ ನಡೆದುಬಿಟ್ಟಿದ್ದ. ಪಿಕಪ್ ಸ್ಟಾರ್ಟ್ ಆದ ಸದ್ದು ಕೇಳಿದ ಮೇಲೆಯೇ ಸೀತಕ್ಕ ಮಾತು ನಿಲ್ಲಿಸಿದ್ದು. ಅಷ್ಟು ಹೊತ್ತು ತಮ್ಮ ಅಲ್ಲಿಯೇ ಇದ್ದಾನೆ ಎಂಬುದು ಅವಳಿಗೆ ಮರೆತೇ ಹೋಗಿತ್ತು.

"ಅಯ್ಯೋ, ಅವ ಇದ್ನಾ" ಎಂದಳು.

ಅವತ್ತು ಸಿನಿಮಾ ತಂಡ ಸಾಮಾನನ್ನೆಲ್ಲ ತಲೆ ಮೇಲೆ ಹೊತ್ತು ರಸ್ತೆಗೆ ಬಂತು. ಮೇಷ್ಟ್ರು ಖಾಕಿಯಲ್ಲೇ ಟ್ರೈಪಾಡ್ ಹೊತ್ತದ್ದರಿಂದ ಒಂದು ಬಸ್ಸು ಕೈ ಮಾಡದೆಯೇ ನಿಂತಿತು.

ಸುಬ್ಬಪ್ಪ ಅಕ್ಕನ ಜೊತೆ ಮಾತು ಬಿಟ್ಟ. ಮೊದಲ ದಿನ ರಾತ್ರಿ ಹೆಂಡತಿಯನ್ನು ಕೇಳಿದ, "ನಿನಗೆ ಇದು ಯಾವಾಗ ಗೊತ್ತಾಗಿದ್ದು?" ಭಾಗ್ಯ ಸೊಪ್ಪು ಸೋಸುತ್ತಾ, "ನಿಮಗಿಂತ ಮೊದಲು" ಎಂದಳು. ಅಲ್ಲಿಗೆ ಅವಳ ಜೊತೆಯೂ ಮಾತು ಬಿಟ್ಟ. ಎಂಟು ದಿನ ಆ ಮನೆಯಲ್ಲಿ ಊಟಕ್ಕೆ ಕರೆಯುವುದು ತಟ್ಟೆಯ ಸದ್ದು ಮಾತ್ರ ಆಯಿತು. ಗೋಡೆಯ ಈಚೆ ಸೀತಕ್ಕ ಅವನಿಗೆ ಇಷ್ಟವೆಂದು ಎಳೆ ಹಲಸಿನ ಗುಜ್ಜೆಯ ಪಲ್ಯ ಮಾಡಿ ಭಾಗ್ಯಳ ಕೈಯಲ್ಲಿ ಕೊಟ್ಟರೆ, ಪಲ್ಯ ಖಾಲಿಯಾಗುತ್ತಿತ್ತು, ಪಾತ್ರೆ ತೊಳೆದು ವಾಪಸ್ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

"ಉಂಡ ಅಲ್ದಾ?" ಎಂದು ಸೀತಕ್ಕ ಕೇಳುತ್ತಿದ್ದಳು.

"ಎರಡು ಸಲ ಹಾಕಿಸ್ಕೊಂಡ್ರು. ಕೋಪ ಹೊಟ್ಟೆಗೆ ಇಳಿದಿಲ್ಲ ಅತ್ತಿಗೆ" ಎಂದು ಭಾಗ್ಯ ನಗುತ್ತಿದ್ದಳು.

ಸೀತಕ್ಕನಿಗೆ ನಗು ಬರಲಿಲ್ಲ. ಒಂಬತ್ತನೇ ದಿನ ದೀಕ್ಷಾಳ ಹತ್ತಿರ ಹೋಗಿ ಹೇಳಿದಳು. "ಅಮ್ಮ, ಅದನ್ನ ತೆಗೆದುಹಾಕಿ. ಸುಮ್ನೆ ತಲೆ ತಗ್ಗಿಸ್ತೀನಿ. ಕಣ್ಣೀರು ಬೇಕಾದಷ್ಟು ಹಾಕ್ತೀನಿ."

ಸೀತಕ್ಕ ಮೇಷ್ಟ್ರ ಮುಂದೆ ಮಾತಾಡಿದ ಆ ಹನ್ನೊಂದು ನಿಮಿಷವೇ ತನ್ನ ಸಿನಿಮಾ ಎಂದು ದೀಕ್ಷಾಳಿಗೆ ಅಷ್ಟರಲ್ಲಿ ತಿಳಿದುಹೋಗಿತ್ತು. ಸಿದ್ದಾರ್ಥನ ನಾಲ್ಕು ಪುಟದ ಭಾಷಣವನ್ನು ಅವಳು ಒಂದು ಪುಟಕ್ಕೆ ಇಳಿಸಿಯೂ ಆಗಿತ್ತು, ಅವನು ಅದಕ್ಕಾಗಿ ಮುಖ ಊದಿಸಿಕೊಂಡೂ ಇದ್ದ. ಆದರೂ ಅವಳು, "ಸುಬ್ಬಪ್ಪಣ್ಣ ಬೇಡ ಅಂದ್ರೆ ತೆಗೀತೀನಿ. ಆದ್ರೆ ಅವರು ಒಂದ್ಸಲ ನೋಡ್ಲಿ" ಎಂದಳು.

ಸಂಜೆ ಲ್ಯಾಪ್‌ಟಾಪ್ ಹಿಡಿದು ಇಬ್ಬರೂ ಸುಬ್ಬಪ್ಪನ ಮನೆಗೆ ಹೋದರು. ಜಗಲಿಯಲ್ಲಿ ಕೂತಿದ್ದವನು ಅಕ್ಕನನ್ನು ಕಂಡು ಮುಖ ತಿರುಗಿಸಿದ, ದೀಕ್ಷಾಳಿಗೆ ಮಣೆ ಹಾಕಿದ. ಭಾಗ್ಯ ಬಾಗಿಲಿಗೆ ಒರಗಿ ನಿಂತಳು. ಸುಬ್ಬಪ್ಪ ಹನ್ನೊಂದು ನಿಮಿಷವೂ ಅಲುಗದೆ ನೋಡಿದ. ಕೊನೆಗೆ ಬೆಳಕು ಹೋಗುವಲ್ಲಿ, "ಅಲ್ಲಿ ನಾನು ಹಿಡಿದಿದ್ರೆ ಚೆನ್ನಾಗಿ ಬರ್ತಿತ್ತು" ಎಂದ. ಆಮೇಲೆ ಎಂಟು ದಿನದ ಮೌನ ಮುರಿದು ಅಕ್ಕನ ಕಡೆಗೆ ಬೆರಳು ತೋರಿಸಿ ಕೂಗಾಡಿದ.

"ಪೂರ್ತಿ ಹೇಳಿದ್ಯನಾ ನೀನು? ಮೊದಲ ದಿನ ಕೊಪ್ಪದ ಹೆಣ್ಣು ಅಂತ ಕೂಗಿದೆ. ಎರಡನೇ ದಿನ ಎನ್.ಆರ್.ಪುರದ ಹೆಣ್ಣು ಅಂದೆ. ಮೂರನೇ ದಿನ ಶೃಂಗೇರಿ ಪೇಟೆ ಹೆಣ್ಣು, ಪಿಯುಸಿ ಪಾಸು ಅಂದೆ! ಮೂರು ದಿನಕ್ಕೆ ಮೂರು ಹೆಣ್ಣು! ಮೇಲೆ ಕೂತ ನಮಗೆಲ್ಲ ಕೇಳ್ತಿತ್ತು. ಹೊಟ್ಟೆ ಹಿಡ್ಕೊಂಡು ನಗ್ತಿದ್ರು ಅವರೆಲ್ಲ. ಹೋಗು ಮಾರಾಯ, ನಾಳೆ ಬೆಂಗಳೂರಿನ ಹೆಣ್ಣು ತರ್ತಾಳೆ ನಿನ್ನಕ್ಕ ಅಂದ್ರು."

ಸೀತಕ್ಕ ಅವನ ಎದುರಿಗೇ ಬಂದು ನಿಂತಳು. "ಹಾಗಾದ್ರೆ ನಿನಗೆ ಗೊತ್ತಿತ್ತಾ? ಸುಳ್ಳು ಅಂತ?"

"ಗೊತ್ತಿಲ್ದೆ ಎಂತ?"

"ಮತ್ತೆ ಎಂತಕ್ಕೆ ಇಳಿದು ಬಂದೆ?"

ಸುಬ್ಬಪ್ಪನ ಬೆರಳು ಕೆಳಗಿಳಿಯಿತು. ಅಂಗಳ ನೋಡುತ್ತಾ ಹೇಳಿದ. "ಮೂರನೇ ದಿನ ನಿನ್ನ ಗಂಟಲು ಒಡೆದುಹೋಗಿತ್ತು. ಅರ್ಧರ್ಧ ಶಬ್ದ ಕೇಳ್ತಿತ್ತು. ಇನ್ನೊಂದು ದಿನ ಕೂಗಿದ್ರೆ ಇವಳು ಸತ್ತೇ ಹೋಗ್ತಾಳೆ ಅನ್ನಿಸ್ತು."

ಭಾಗ್ಯ ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.

"ಮತ್ತೆ ಕೋಪ ಯಾಕೆ ಅಣ್ಣ?" ಎಂದು ದೀಕ್ಷಾ ಮೆಲ್ಲಗೆ ಕೇಳಿದಳು.

"ಕೋಪ ಬಾರದೇ ಇರ್ತದಾ? ಇಪ್ಪತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಇದೀವಿ. ನನ್ನ ಹತ್ರ ಹೇಳ್ಲಿಲ್ಲ ಇವಳು. ಆ ಮೇಷ್ಟ್ರ ಹತ್ರ ಹೇಳಿದ್ಳು!"

ಇಷ್ಟಾಗಿ, ದೃಶ್ಯ ಇಟ್ಟುಕೊಳ್ಳಬಹುದೇ ಎಂದು ದೀಕ್ಷಾ ಕೇಳಿದಾಗ ಸುಬ್ಬಪ್ಪ ಷರತ್ತು ಹಾಕಿದ. ಮೂರು ಹೆಣ್ಣಿನ ವಿಷಯ ಸೇರಿಸಬೇಕು. ಅದೂ ಅಲ್ಲದೆ, ಆ ಹುಡುಗರು ಬರೀ ಪೆದ್ದರು ಎಂದು ತೋರಿಸಬಾರದು. "ಅವರು ಹೇಳಿದ ಕಷ್ಟ ಸುಳ್ಳಲ್ಲ ದೀಕ್ಷಮ್ಮ. ನನ್ನ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರ ಬಂದಿಲ್ಲ. ಬಂದೂಕಿನಿಂದ ಬರ್ತದೆ ಅಂತ ನಂಬಿದ್ದು ತಪ್ಪು. ಆದ್ರೆ ಬೇಕು ಅಂತ ಕೇಳಿದ್ದು ತಪ್ಪಾ?" ದೀಕ್ಷಾ ಅದನ್ನು ಬರೆದುಕೊಂಡಳು. ಸಿದ್ದಾರ್ಥನ ಭಾಷಣದ ಉಳಿದ ಒಂದು ಪುಟವೂ ಅವತ್ತೇ ಹೋಯಿತು, ಅದರ ಜಾಗಕ್ಕೆ ಈ ನಾಲ್ಕು ಮಾತು ಬಂತು.

ಮುಂದಿನ ಜನವರಿಯಲ್ಲಿ ಕೊಪ್ಪದ ಒಂದು ಸಭಾಭವನದಲ್ಲಿ ಭಾನುವಾರ ಮಧ್ಯಾಹ್ನ ಸಿನಿಮಾ ತೋರಿಸಿದರು. ಪ್ಲಾಸ್ಟಿಕ್ ಕುರ್ಚಿಗಳು, ಕಿಟಕಿಗೆ ಕಪ್ಪು ಟಾರ್ಪಾಲು. ಷಡಕ್ಷರಿಯವರು ಮೊದಲ ಸಾಲಿನಲ್ಲಿ ಕೈಕಟ್ಟಿ ಕೂತು, ಸೀತಕ್ಕನ ದೃಶ್ಯ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು, ಧೂಳು ಎಂದರು. ನಡುವೆ ಕರೆಂಟು ಹೋಗಿ ಇಪ್ಪತ್ತು ನಿಮಿಷ ಕಾಯಬೇಕಾಯಿತು. ಒಬ್ಬರೂ ಎದ್ದು ಹೋಗಲಿಲ್ಲ. ಸೀತಕ್ಕ ಮಾತ್ರ ತೆರೆಯ ಮೇಲೆ ತನ್ನನ್ನು ಕಂಡ ಕೂಡಲೇ ಭಾಗ್ಯಳ ಕೈ ಹಿಡಿದು, "ನಾನು ಇಷ್ಟು ದಪ್ಪ ಇದೀನನೇ?" ಎಂದಳು. ಅವಳ ಪಿಸುಮಾತು ಸಭೆಗೆಲ್ಲ ಕೇಳಿತು.

ಮುಗಿದ ಮೇಲೆ ಜನ ಮುತ್ತಿಕೊಂಡರು. ಗುಂಪು ಕರಗಿದ ಮೇಲೆ ಒಬ್ಬಳು ಮುದುಕಿ ಗೋಡೆ ಹಿಡಿದುಕೊಂಡು ಬಂದಳು. ನೆಮ್ಮಾರಿನ ಗಿರಿಜಕ್ಕ. ಅವಳ ಮಗನೂ ಅದೇ ವರ್ಷ ಕಾಡಿಗೆ ಹೋಗಿದ್ದವನು, ವಾಪಸ್ ಬರಲಿಲ್ಲ. ಹೆಣ ಮಾತ್ರ ಬಂದಿತ್ತು.

"ನಾನೂ ಹೋಗಿದ್ದೆ ಕಣೆ ಸೀತಾ, ಆ ಗುಡ್ಡದ ಬುಡಕ್ಕೆ" ಎಂದಳು. "ಕೂಗಲಿಕ್ಕೆ ನಾಚ್ಕೆ ಆಯ್ತು. ಯಾರಾದ್ರೂ ಕೇಳಿಸ್ಕೊಂಡ್ರೆ ಎಂತ ಹೇಳ್ತಾರೋ ಅಂತ. ಸುಮ್ನೆ ನಿಂತು ವಾಪಸ್ ಬಂದೆ."

ಸೀತಕ್ಕ ಆ ಮುದುಕಿಯ ಕೈ ಹಿಡಿದು, ಒಂದು ಕುರ್ಚಿ ಎಳೆದು ಕೂರಿಸಿದಳು. ಸುಬ್ಬಪ್ಪ ಹತ್ತಿರ ಬಂದು, ಗಿರಿಜಕ್ಕನ ಮುಂದೆ ಮಂಡಿಯೂರಿ ಕೂತು, ಅವಳ ಮಗ ಆ ಹತ್ತೊಂಬತ್ತು ದಿನ ಏನು ತಿನ್ನುತ್ತಿದ್ದ, ಹೇಗೆ ಮಲಗುತ್ತಿದ್ದ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನೇ ಎಂದೆಲ್ಲ ಹೇಳತೊಡಗಿದ. ಗಿರಿಜಕ್ಕ "ನಗ್ತಿದ್ನಾ? ನಗ್ತಿದ್ನಾ?" ಎಂದು ಮತ್ತೆ ಮತ್ತೆ ಕೇಳಿದಳು. ಸಭಾಭವನದವನು ಬೀಗ ಹಿಡಿದು ಬಂದು, ಅವರನ್ನು ನೋಡಿ, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಸಂಜೆ ಸುಬ್ಬಪ್ಪನ ಪಿಕಪ್ಪಿನಲ್ಲಿ ಗಿರಿಜಕ್ಕ ಮುಂದಿನ ಸೀಟಿನಲ್ಲಿ ಕೂತಳು, ಸೀತಕ್ಕ ಮತ್ತು ಭಾಗ್ಯ ಹಿಂದೆ, ವಾಪಸ್ ಒಯ್ಯುತ್ತಿದ್ದ ಬಾಡಿಗೆ ಕುರ್ಚಿಗಳ ನಡುವೆ.

ಹದಿನೈದು ದಿನ ಬಿಟ್ಟು ಬೇರೊಬ್ಬ ನಿರ್ದೇಶಕರು ಸೀತಕ್ಕನಿಗೆ ಫೋನ್ ಮಾಡಿದರು. ಕಾಯಿಲೆ ಬಿದ್ದ ಅಜ್ಜಿಯ ಪಾತ್ರ, ಇಡೀ ಸಿನಿಮಾ ಹಾಸಿಗೆಯಲ್ಲಿ ಮಲಗಿರಬೇಕು, ಬರೀ ಕಣ್ಣಲ್ಲೇ ಅಭಿನಯ ಎಂದು ವಿವರಿಸಿದರು. ಸೀತಕ್ಕ ಕೊನೆಯವರೆಗೂ ಕೇಳಿಸಿಕೊಂಡಳು.

"ಮಾತೇ ಇಲ್ವಾ ಸಾರ್?"

"ಇಲ್ಲಮ್ಮ. ಅದೇ ಅದರ ಸೊಗಸು."

"ಹಾಗಾದ್ರೆ ಆ ಅಜ್ಜಿಗೆ ನಿಜವಾಗ್ಲೂ ಹುಷಾರಿಲ್ಲ ಬಿಡಿ. ನನ್ನಿಂದ ಆಗೂದಿಲ್ಲ" ಎಂದಳು. "ಅದೂ ಅಲ್ದೆ ಈ ವಾರ ನೆಮ್ಮಾರಿಗೆ ಹೋಗ್ಬೇಕು ನಾನು. ಗಿರಿಜಕ್ಕನ ಮನೆ ಹಿಂದೆ ನಾಲ್ಕು ಮರಕ್ಕೆ ಹಬ್ಬಿದ ಕಾಳುಮೆಣಸು ಹಣ್ಣಾಗಿ ನಿಂತಿದೆ, ಕೊಯ್ಯಲಿಕ್ಕೆ ಜನ ಇಲ್ಲ ಪಾಪ."

ಫೋನಿಟ್ಟು, ಏಣಿ ಕೊಡು ಎಂದು ಗೋಡೆಯಾಚೆ ತಮ್ಮನನ್ನು ಕೂಗಿದಳು.